ಒಡೆಯರಪಾಳ್ಯದ ದಾರಿಯೂ ಸಿ.ಐ.ಡಿ. ೯೯೯ರ ಕಥೆಯೂ

ಕೊಳ್ಳೇಗಾಲದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಲೊಕ್ಕನಹಳ್ಳಿಯನ್ನು ಹಿಂದಿಕ್ಕಿ ಒಡೆಯರಪಾಳ್ಯವನ್ನು ಮುಟ್ಟುವ ಹೊತ್ತಿಗೆ ರೇಷ್ಮೆಯ ಸೀಮೆ ಮುಗಿದು ಕಾಡಿನ ಸೀಮೆ ಮೊದಲಾಗಿರುತ್ತದೆ. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟ, ಮೂಡಣಕ್ಕೆ ಮಲೆಯ ಮಹದೇಶ್ವರನ ಬೆಟ್ಟ. ದಾರಿಯನ್ನೇ ಹಿಡಿದು ಇನ್ನೂ ಮುಂದೆ ಹೋದರೆ ತಮಿಳುನಾಡಿನ ಹಾಸನೂರು. ಸೋಲಿಗರ ಪೋಡುಗಳಿರುವ ಈ ಕಾಡಿನಂಚಿಗೆ ೧೯೭೦ರ ದಶಕದಲ್ಲಿ ಟಿಬೆಟ್ಟಿನ ನಿರಾಶ್ರಿತರೂ ಬಂದು ನೆಲೆಸಿದರು. ಮುಸುಕಿನ ಜೋಳದ ಹೊಲಗಳ ನಡುವೆ ಬೌದ್ಧ ಮಠದ ಶಿಖರ ಕಾಣುವ ಈ ಊರನ್ನು ಮೊದಲ ಬಾರಿಗೆ ನೋಡುವವನಿಗೆ ಇದು ಶಾಂತಿಗೆಂದೇ ಹುಟ್ಟಿದ ಸ್ಥಳವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ನಮ್ಮ ನಾಡಿನಲ್ಲಿ ಪೊಲೀಸರ ಕಥೆ, ಕಳ್ಳರ ಕಥೆ ಎಂದೊಡನೆ ಮನಸ್ಸು ಓಡುವುದು ಈ ಬೆಟ್ಟಗಳ ಕಡೆಗೇ. ಕನ್ನಡ ಬೆಳ್ಳಿತೆರೆಯ ಅತ್ಯಂತ ಜನಪ್ರಿಯ ಪತ್ತೇದಾರನ ವಂಶದ ಊರು ಈ ಸೀಮೆಯದು. ಪೊಲೀಸರನ್ನು ಅತ್ಯಂತ ದೀರ್ಘಕಾಲ ಸತಾಯಿಸಿದ ಕಾಡುಗಳ್ಳನ ಊರೂ ಈ ಸೀಮೆಯದೇ. ತೆರೆಯ ಮೇಲಿನ ಕಥೆಯೂ ನೆಲದ ಮೇಲಿನ ಕಥೆಯೂ ಹಲವು ವರ್ಷ ಬೇರೆಬೇರೆಯಾಗಿ ನಡೆದು, ಒಂದು ರಾತ್ರಿ ಇದ್ದಕ್ಕಿದ್ದಂತೆ ಒಂದನ್ನೊಂದು ಸಂಧಿಸಿದವು. ಆಮೇಲೆ ಅವು ಕಿರುತೆರೆಗೂ ಬಂದವು. ಈ ಸಂಗತಿಯನ್ನು ಮೊದಲಿನಿಂದ ನೋಡುವುದು ಪ್ರಯೋಜನಕರವೆಂದು ನಮ್ಮ ಭಾವನೆ.

ಪತ್ತೇದಾರನ ಹುಟ್ಟು

ಕನ್ನಡದ ಪತ್ತೇದಾರ ಮೊದಲು ಹುಟ್ಟಿದ್ದು ಪುಸ್ತಕದಲ್ಲಿ. ಎನ್. ನರಸಿಂಹಯ್ಯನವರು ೧೯೫೦ರ ದಶಕದಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಓದುಗರ ಕೈಗಿತ್ತರು. ಅವರು ಬರೆದ ಕಾದಂಬರಿಗಳ ಸಂಖ್ಯೆ ಐನೂರನ್ನು ಮೀರುತ್ತದೆ. ಕನ್ನಡ ಚಳವಳಿಯ ಮುಂದಾಳಾಗಿದ್ದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ರೈಲು ನಿಲ್ದಾಣದಲ್ಲಿ, ಬಾಡಿಗೆಯ ವಾಚನಾಲಯದಲ್ಲಿ ಈ ಸಣ್ಣ ಪುಸ್ತಕಗಳು ಕೈಯಿಂದ ಕೈಗೆ ಹರಿದಾಡಿ ಹಾಳೆ ಸಡಿಲವಾಗುವಷ್ಟು ಓದಿಸಿಕೊಂಡವು. ಪಂಡಿತರು ಅವನ್ನು ಸಾಹಿತ್ಯವೆಂದು ಒಪ್ಪದೆ ಇದ್ದಿರಬಹುದು. ಆದರೆ ಅಕ್ಷರ ಬಲ್ಲ ಸಾಮಾನ್ಯನಿಗೆ ಓದಿನ ಚಟ ಹತ್ತಿಸಿದ ಪುಣ್ಯ ಅವುಗಳಿಗೆ ಸಲ್ಲಬೇಕು.

ಈ ಕಾದಂಬರಿಗಳ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಅಪರಾಧ ಪ್ರತಿ ಪುಸ್ತಕಕ್ಕೂ ಬೇರೆ, ಪತ್ತೇದಾರ ಮಾತ್ರ ಅವನೇ. ಓದುಗನು ಕೊಲೆಗಾರ ಯಾರೆಂಬ ಕುತೂಹಲದಿಂದ ಪುಸ್ತಕ ತೆರೆದರೂ ಹಳೆಯ ಸ್ನೇಹಿತನನ್ನು ಕಾಣುವ ಸಂತೋಷದಿಂದ ಅದನ್ನು ಮುಗಿಸುತ್ತಿದ್ದ. ಸರಣಿ ಎಂಬ ವಸ್ತುವಿನ ಜೀವವಿರುವುದು ಈ ಸ್ನೇಹದಲ್ಲಿ. ಪೌರಾಣಿಕ ಚಿತ್ರಗಳಲ್ಲಿ, ಭಕ್ತರ ಚಿತ್ರಗಳಲ್ಲಿ ಬೆಳೆದ ಕನ್ನಡ ಸಿನಿಮಾಕ್ಕೆ ಇದು ಬಹುಕಾಲ ಒಗ್ಗಲಿಲ್ಲ. ಭಕ್ತನಿಗೆ ಮೋಕ್ಷ ಸಿಕ್ಕ ಮೇಲೆ ಎರಡನೆಯ ಭಾಗ ಎಲ್ಲಿಂದ ಬರಬೇಕು?

ದೊರೆ-ಭಗವಾನ್ ಜೋಡಿ ೧೯೬೮ರಲ್ಲಿ ‘ಜೇಡರ ಬಲೆ’ಯನ್ನು ತೆರೆಗೆ ತಂದಾಗ ಈ ಕೊರತೆ ತುಂಬಿತು. ೧೯೬೨ರಲ್ಲಿ ಮೊದಲು ತೆರೆ ಕಂಡ ಜೇಮ್ಸ್ ಬಾಂಡ್ ಚಿತ್ರಗಳ ಗಾಳಿ ಆಗ ಬೆಂಗಳೂರಿನ ಇಂಗ್ಲಿಷ್ ಚಿತ್ರಮಂದಿರಗಳಲ್ಲಿ ಬಲವಾಗಿಯೇ ಬೀಸಿತ್ತು. ಬಾಂಡನಿಗೆ ೦೦೭ ಇದ್ದಂತೆ ನಮ್ಮವನಿಗೆ ೯೯೯ ಎಂಬ ಸಂಖ್ಯೆ, ಹೆಸರು ಪ್ರಕಾಶ್. ಕೀಳು ಲೋಹವನ್ನು ಚಿನ್ನವಾಗಿಸುವ ಸೂತ್ರವೊಂದರ ಸುತ್ತ ಹೆಣೆದ ಕಥೆ. ಪಾತ್ರಧಾರಿ ಯಾರೆಂದರೆ ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಬಂದು ಕಣ್ಣು ಕಿತ್ತುಕೊಟ್ಟು ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿದ ರಾಜ್‌ಕುಮಾರ್! ಕಿರೀಟ, ಕಚ್ಚೆ, ರುದ್ರಾಕ್ಷಿಗಳಲ್ಲಿ ಕಂಡ ಮೂರ್ತಿ ಸೂಟು ತೊಟ್ಟು ಪಿಸ್ತೂಲು ಹಿಡಿದಾಗ ಜನ ಹೇಗೆ ಒಪ್ಪಿಯಾರು ಎಂಬ ಅಳುಕು ಯಾರಿಗಾದರೂ ಇದ್ದಿದ್ದರೆ ಅದು ಸಹಜವೇ. ಜನ ಒಪ್ಪಿದರು, ಒಪ್ಪಿದ್ದಷ್ಟೇ ಅಲ್ಲದೆ ಇನ್ನೂ ಬೇಕೆಂದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಬಂತು. ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗಿನ್ನೂ ಏಳೇ ವರ್ಷ. ನೆರೆಯ ಕನ್ನಡಿಗರಿಗೂ ಅದು ಹೊಸದಾಗಿ ತೆರೆದ ಬಾಗಿಲು. ನಟಿ ಲಕ್ಷ್ಮಿಯವರು ಕನ್ನಡಕ್ಕೆ ಬಂದದ್ದು ಈ ಚಿತ್ರದ ಮೂಲಕ. ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಮತ್ತೆ ಒಂಬತ್ತು ವರ್ಷ ಬಿಟ್ಟು ೧೯೭೮ರಲ್ಲಿ ಬಣ್ಣದಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ರಾಜ್‌ಕುಮಾರರು ಈ ಕೊನೆಯ ಚಿತ್ರದಲ್ಲಿ ಇಂಗ್ಲಿಷ್ ಹಾಡೊಂದನ್ನು ಸ್ವತಃ ಹಾಡಿದ್ದು ಇಂದಿಗೂ ಜನರ ಬಾಯಲ್ಲಿದೆ.

ಈ ನಾಲ್ಕು ಚಿತ್ರಗಳ ೯೯೯ ಬಾಂಡನ ಪಡಿಯಚ್ಚೆಂದು ಹೇಳಿ ಮುಗಿಸುವುದು ಸುಲಭ. ಆದರೆ ಬಾಂಡನಿಗೆ ಕೊಲ್ಲುವ ಅಪ್ಪಣೆ ಇದ್ದರೆ, ನಮ್ಮವನಿಗೆ ಇದ್ದದ್ದು ಊರಿನ ಹಿರಿಮಗನ ಗಾಂಭೀರ್ಯ. ಅವನು ವೇಷ ಹಾಕಿದರೆ ಕಳ್ಳರು ನಂಬುತ್ತಿದ್ದರು, ಬಲೆ ಬೀಸಿದರೆ ಬೀಳುತ್ತಿದ್ದರು. ಮೂರು ಗಂಟೆಯೊಳಗೆ ನ್ಯಾಯ ಸಿಕ್ಕಿ ಜನ ಬೀಡಿ ಹಚ್ಚಿಕೊಂಡು ನೆಮ್ಮದಿಯಿಂದ ಮನೆಗೆ ನಡೆಯುತ್ತಿದ್ದರು. ಅಂದಿನ ಪೊಲೀಸನ ಬಗ್ಗೆ ಹಳ್ಳಿಯವನಿಗೆ ಭಯವಿತ್ತೇ ಹೊರತು ಪ್ರೀತಿಯಿರಲಿಲ್ಲ. ಆ ಪ್ರೀತಿಯನ್ನು ಮೂರು ಗಂಟೆಯ ಮಟ್ಟಿಗಾದರೂ ಸಂಪಾದಿಸಿಕೊಟ್ಟವನು ೯೯೯.

ಮುಂದೆ ೧೯೮೮ರಲ್ಲಿ ಶಂಕರನಾಗ್ ‘ಸಾಂಗ್ಲಿಯಾನ’ ಆದರು. ಆಗ ಹೊಸದೊಂದು ಬದಲಾವಣೆಯಾಯಿತು. ಸಾಂಗ್ಲಿಯಾನ ಎಂಬುದು ಕಲ್ಪನೆಯ ಹೆಸರಾಗಿರದೆ ಕರ್ನಾಟಕದಲ್ಲಿ ನಿಜವಾಗಿ ಅಧಿಕಾರದಲ್ಲಿದ್ದ ಪೊಲೀಸ್ ಅಧಿಕಾರಿಯ ಹೆಸರಾಗಿತ್ತು. ಎರಡನೆಯ ಭಾಗವೂ ೧೯೯೦ರಲ್ಲಿ ಬಂತು. ಅದೇ ವರ್ಷದ ಸೆಪ್ಟೆಂಬರ್ ೩೦ರಂದು ಶಂಕರನಾಗ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪತ್ತೇದಾರ ಸಂಖ್ಯೆಯಿಂದ ನಿಜನಾಮಕ್ಕೆ ಬಂದದ್ದು ಸಣ್ಣ ಹೆಜ್ಜೆಯೆಂದು ಆಗ ಕಂಡಿರಬಹುದು. ಅಂದಿನಿಂದ ಸಿನಿಮಾ ಪತ್ರಿಕೆಯ ಸುದ್ದಿಯನ್ನು ಹಿಂಬಾಲಿಸತೊಡಗಿತು.

ಗಡಿಯ ಗೆರೆ

ಇನ್ನು ನೆಲದ ಕಥೆ. ರಾಜ್‌ಕುಮಾರರ ತಂದೆ, ಗುಬ್ಬಿ ಕಂಪನಿಯ ನಟರಾಗಿದ್ದ ಪುಟ್ಟಸ್ವಾಮಯ್ಯನವರು ಸಿಂಗಾನಲ್ಲೂರಿನವರು. ಅದು ಕೊಳ್ಳೇಗಾಲದ ಸೀಮೆ. ಮಗ ಮುತ್ತುರಾಜ ೧೯೨೯ರ ಏಪ್ರಿಲ್ ೨೪ರಂದು ಹುಟ್ಟಿದ್ದು ಗಾಜನೂರಿನಲ್ಲಿ. ಆಗ ಎರಡೂ ಊರುಗಳು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ೧೯೫೬ರ ನವೆಂಬರ್ ಒಂದರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಹೊಸದಾಗಿ ಕೊಯ್ದಾಗ ಕೊಳ್ಳೇಗಾಲ ಮೈಸೂರಿಗೆ ಬಂತು. ಕನ್ನಡಿಗರೇ ತುಂಬಿದ್ದ ಗಾಜನೂರು ಮದರಾಸಿನಲ್ಲೇ ಉಳಿಯಿತು. ಹೀಗೆ ಕನ್ನಡಿಗರ ಕಣ್ಮಣಿಯಾದ ನಟನ ಹುಟ್ಟೂರು ಪರರಾಜ್ಯವಾಯಿತು.

ಕಾಡಿಗೆ ಈ ಗೆರೆ ಗೊತ್ತಿರಲಿಲ್ಲ. ಆನೆ ಎರಡೂ ಕಡೆ ನಡೆಯಿತು. ಆನೆಯ ದಂತವನ್ನು, ಗಂಧದ ಮರವನ್ನು ಕದಿಯುವವನೂ ಎರಡೂ ಕಡೆ ನಡೆದ. ಆದರೆ ಪೊಲೀಸನಿಗೆ ಗೆರೆ ಗೊತ್ತಿತ್ತು. ಇತ್ತಲಿನ ಠಾಣೆಯವನ ಅಧಿಕಾರ ಅತ್ತ ನಡೆಯದು, ಅತ್ತಲಿನವನ ಕಾಗದ ಇತ್ತ ಬರುವಷ್ಟರಲ್ಲಿ ಕಳ್ಳ ಮೂರು ಹಳ್ಳ ದಾಟಿರುತ್ತಾನೆ. ವೀರಪ್ಪನ್ ೧೯೫೨ರಲ್ಲಿ ಹುಟ್ಟಿದ ಗೋಪಿನಾಥಂ ಈ ಗಡಿಯ ಅಂಚಿನಲ್ಲಿದೆ. ಆಗ ಕೊಳ್ಳೇಗಾಲಕ್ಕೆ, ಈಗ ಹನೂರು ತಾಲ್ಲೂಕಿಗೆ ಸೇರಿದ ಹಳ್ಳಿ. ೧೯೮೬ರಲ್ಲಿ ಅವನು ಒಮ್ಮೆ ಸೆರೆಸಿಕ್ಕಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡ. ಅಲ್ಲಿಂದ ಮುಂದೆ ಹದಿನೆಂಟು ವರ್ಷ ಯಾವ ಸೆರೆಗೂ ಸಿಕ್ಕಲಿಲ್ಲ.

ಅವನನ್ನು ಮನಸ್ಸಿನಿಂದ ಗೆಲ್ಲಲು ಹೊರಟವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಅವರು ಗೋಪಿನಾಥದಲ್ಲೇ ಬಿಡಾರ ಮಾಡಿ, ಊರಿನ ಮಾರಿಯಮ್ಮನ ಗುಡಿಗೆ ನೆರವಾಗಿ, ರೋಗಿಗಳಿಗೆ ಔಷಧ ಕೊಡಿಸಿ, ಜನರ ವಿಶ್ವಾಸ ಗಳಿಸಿದರು. ಶರಣಾಗುತ್ತೇನೆಂಬ ಮಾತನ್ನು ನಂಬಿ ೧೯೯೧ರ ನವೆಂಬರ್ ೧೦ರಂದು ಕಾಡಿಗೆ ಹೋದರು, ಅಲ್ಲಿ ಹತರಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಮರುವರ್ಷ ಮೇ ೨೦ರಂದು ರಾಮಾಪುರದ ಪೊಲೀಸ್ ಠಾಣೆಯ ಮೇಲೇ ದಾಳಿಯಾಗಿ ಐವರು ಪೊಲೀಸರು ಸತ್ತರು. ಆಗಸ್ಟ್ ೧೪ರಂದು ಮೀಣ್ಯದ ಬಳಿ ಮೈಸೂರಿನ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಮಾಹಿತಿದಾರನ ಮಾತು ನಂಬಿ ಹೊರಟು ಹೊಂಚುದಾಳಿಗೆ ಬಲಿಯಾದರು. ೧೯೯೩ರ ಏಪ್ರಿಲ್ ೯ರಂದು ಪಾಲಾರ್ ಬಳಿ ನೆಲದಲ್ಲಿ ಹುಗಿದ ಸಿಡಿಮದ್ದು ಇಪ್ಪತ್ತೆರಡು ಜನರನ್ನು ಕೊಂದಿತು. ಅಂದು ಗಾಯಗೊಂಡು ಉಳಿದ ತಮಿಳುನಾಡಿನ ಅಧಿಕಾರಿ ಗೋಪಾಲಕೃಷ್ಣನ್ ಅವರನ್ನು ಜನ ಕರೆಯುತ್ತಿದ್ದದ್ದು ‘ರ್‍ಯಾಂಬೊ’ ಎಂದು. ಸಿನಿಮಾದ ಹೆಸರು ಹೊತ್ತ ಪೊಲೀಸನೂ ಸಿನಿಮಾದ ಅಂತ್ಯವನ್ನು ಪಡೆಯಲಿಲ್ಲ.

ಹೆಸರುಗಳನ್ನು ಹೀಗೆ ಒಂದಾದಮೇಲೊಂದು ಓದುವಾಗ ೯೯೯ರ ಜಗತ್ತು ಎಷ್ಟು ದೂರವೆಂಬುದು ತಿಳಿಯುತ್ತದೆ. ಇಲ್ಲಿ ಬಲೆ ಬೀಸಿದವನೇ ಬಲೆಗೆ ಬಿದ್ದ. ಮಾಹಿತಿ ತಂದವನು ಯಾರ ಕಡೆಯವನೆಂಬುದು ಹೆಣ ಬಿದ್ದ ಮೇಲೆ ತಿಳಿಯಿತು.

ಇದರ ಭಾರ ಬಿದ್ದದ್ದು ಪೊಲೀಸರ ಮೇಲೆ ಮಾತ್ರವೇ? ಅಲ್ಲ. ಹಗಲು ವಿಶೇಷ ಕಾರ್ಯಪಡೆ, ರಾತ್ರಿ ಕಾಡಿನವರು ಎಂಬಂತಾಯಿತು ಹಳ್ಳಿಗಳ ಪಾಡು. ಅನ್ನ ಕೊಟ್ಟರೆ ಇವರು ಹಿಡಿದರು. ಸುದ್ದಿ ಕೊಟ್ಟರೆ ಅವನು ಕೊಂದ. ಟಾಡಾ ಕಾಯಿದೆಯಡಿ ಸೆರೆಗೆ ಬಿದ್ದ ಬಡವರು ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕಳೆದರು. ೨೦೦೧ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಹೊರಬಂದರು. ಕಾರ್ಯಪಡೆಯ ಹಿಂಸೆಯ ದೂರುಗಳನ್ನು ವಿಚಾರಿಸಲು ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಅದರ ವರದಿಯ ಮೇಲೆ ೨೦೦೭ರಲ್ಲಿ ಎಂಬತ್ತೊಂಬತ್ತು ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಪತ್ತೇದಾರಿ ಚಿತ್ರದಲ್ಲಿ ಇವರಿಗೆ ಪಾತ್ರವಿಲ್ಲ. ಇದ್ದರೆ, ದೂರದಲ್ಲಿ ನಿಂತು ನೋಡುವ ಗುಂಪಿನ ಪಾತ್ರ.

ಎರಡು ಕಥೆಗಳು ಸಂಧಿಸಿದ ರಾತ್ರಿ

೨೦೦೦ದ ಜುಲೈ ೩೦ರ ರಾತ್ರಿ ಗಾಜನೂರಿನ ಮನೆಗೆ ಬಂದೂಕುಧಾರಿಗಳು ನುಗ್ಗಿ ಎಪ್ಪತ್ತೊಂದು ವರ್ಷದ ರಾಜ್‌ಕುಮಾರರನ್ನೂ ಜೊತೆಗಿದ್ದ ಮೂವರನ್ನೂ ಕಾಡಿಗೆ ಕರೆದೊಯ್ದರು. ಕಳ್ಳರನ್ನು ಹಿಡಿಯುವ ೯೯೯ರನ್ನೇ ಕಳ್ಳ ಹಿಡಿದ! ಬೆಂಗಳೂರಿನಲ್ಲಿ ಅಂಗಡಿ ಮುಚ್ಚಿದವು, ಚಿತ್ರಮಂದಿರಗಳು ಕತ್ತಲಾದವು, ಸ್ಟುಡಿಯೋಗಳಲ್ಲಿ ಕ್ಯಾಮರಾ ನಿಂತಿತು. ಕಾಡಿನಿಂದ ಬಂದ ಕ್ಯಾಸೆಟ್ಟುಗಳ ಸುದ್ದಿಗಾಗಿ ಮನೆಮನೆಯಲ್ಲಿ ಜನ ದೂರದರ್ಶನ ಪೆಟ್ಟಿಗೆಯ ಮುಂದೆ ಕೂತರು. ಆ ನೂರೆಂಟು ದಿನ ಕರ್ನಾಟಕ ಒಂದೇ ಧಾರಾವಾಹಿಯನ್ನು ನೋಡಿತೆಂದರೆ ತಪ್ಪಾಗದು. ಅದನ್ನು ಬರೆದವನು ಯಾವ ಸ್ಟುಡಿಯೋದಲ್ಲೂ ಇರಲಿಲ್ಲ. ಪತ್ತೇದಾರನು ಬೆಳ್ಳಿತೆರೆಯಿಂದಿಳಿದು ಕಿರುತೆರೆಗೆ ಬಂದದ್ದು ಹೀಗೆ, ಸೆರೆಯಾಳಾಗಿ.

ಇಲ್ಲಿ ಒಬ್ಬ ತಂದೆಯ ಮಾತು ಬರುತ್ತದೆ. ವೀರಪ್ಪನ್ ಕೇಳಿದ್ದರಲ್ಲಿ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರ ಮೊಕದ್ದಮೆಗಳನ್ನು ಹಿಂದೆಗೆದುಕೊಳ್ಳಲು ಮುಂದಾಯಿತು. ಮೀಣ್ಯದಲ್ಲಿ ಮಡಿದ ಶಕೀಲ್ ಅಹಮದರ ತಂದೆ, ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿಯಾಗಿದ್ದ ಅಬ್ದುಲ್ ಕರೀಂ ಅವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ನಾಡೆಲ್ಲ ತನ್ನ ನಟ ಮರಳಿ ಬರಲೆಂದು ದೇವರಿಗೆ ಹರಕೆ ಹೊರುತ್ತಿದ್ದ ಸಮಯದಲ್ಲಿ, ನನ್ನ ಮಗನ ಸಾವಿಗೆ ಬೆಲೆಯಿಲ್ಲವೇ ಎಂದು ನ್ಯಾಯಾಲಯದಲ್ಲಿ ನಿಲ್ಲುವುದು ಸಾಮಾನ್ಯ ಧೈರ್ಯವಲ್ಲ. ೨೦೦೦ದ ನವೆಂಬರ್ ೭ರಂದು ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಎಂಟು ದಿನಗಳ ಮೇಲೆ, ನವೆಂಬರ್ ೧೫ರಂದು, ರಾಜ್‌ಕುಮಾರರೂ ಕ್ಷೇಮವಾಗಿ ಹೊರಬಂದರು. ಒಂದು ಮನೆಗೆ ಹಿರಿಯ ಮರಳಿದ. ಇನ್ನೊಂದು ಮನೆಗೆ ಮಗ ಮರಳುವಂತಿರಲಿಲ್ಲ. ಟಾಡಾ ಕೈದಿಗಳಲ್ಲಿ ನಿರಪರಾಧಿಗಳೇ ಹೆಚ್ಚೆಂದು ಮರುವರ್ಷ ತಿಳಿದದ್ದನ್ನೂ ಸೇರಿಸಿ ನೋಡಿದರೆ, ಈ ಕಥೆಯಲ್ಲಿ ನ್ಯಾಯ ಒಂದೇ ಕಡೆ ನಿಂತಿರಲಿಲ್ಲವೆಂಬುದು ಅರಿವಾಗುತ್ತದೆ. ಮೂರು ಗಂಟೆಯ ಚಿತ್ರಕ್ಕೆ ಇದನ್ನು ಹಿಡಿಸುವ ಪಾತ್ರೆ ಎಲ್ಲಿದೆ?

ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. ೨೦೦೨ರ ಆಗಸ್ಟ್ ೨೫ರಂದು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕೊಳ್ಳೇಗಾಲ-ಹನೂರು ದಾರಿಯ ಕಾಮಗೆರೆಯಿಂದ ಅಪಹರಿಸಲಾಯಿತು. ಡಿಸೆಂಬರ್ ೮ರಂದು ಅವರ ಶವ ಚೆಂಗಡಿಯ ಕಾಡಿನಲ್ಲಿ ಸಿಕ್ಕಿತು. ಕಡೆಗೆ ೨೦೦೪ರ ಅಕ್ಟೋಬರ್ ೧೮ರ ರಾತ್ರಿ, ಧರ್ಮಪುರಿಯ ಬಳಿಯ ಪಾಪಾರಪಟ್ಟಿಯಲ್ಲಿ, ಆಂಬುಲೆನ್ಸ್ ಎಂಬ ವೇಷದ ವಾಹನದಲ್ಲಿ ಬಂದ ವೀರಪ್ಪನ್ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತ. ಕೆ. ವಿಜಯಕುಮಾರ್ ಅವರ ಆ ಕಾರ್ಯಾಚರಣೆಗೆ ಇಟ್ಟಿದ್ದ ಗುಪ್ತನಾಮದ ಅರ್ಥ ರೇಷ್ಮೆಯ ಗೂಡು. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದ ಜನಕ್ಕೆ ಗೂಡಿನೊಳಗಿನ ಹುಳುವಿನ ಗತಿ ಏನೆಂದು ಹೇಳಿಕೊಡಬೇಕಾಗಿಲ್ಲ.

ಮುಂದುವರಿದ ಭಾಗಗಳು

ಸಿನಿಮಾದವರು ಅಂತ್ಯಕ್ಕಾಗಿ ಕಾದಿರಲಿಲ್ಲ. ದೇವರಾಜ್ ನಟಿಸಿದ ‘ವೀರಪ್ಪನ್’ ೧೯೯೧ರಲ್ಲೇ ಬಂದಿತ್ತು. ನಾಯಕ ಬದುಕಿದ್ದಾಗಲೇ ಅವನ ಚರಿತ್ರೆ! ಅವನು ಸತ್ತ ಮೇಲೆ ೨೦೦೭ರಲ್ಲಿ ತಮಿಳಿನ ಮಕ್ಕಳ್ ವಾಹಿನಿಯಲ್ಲಿ ಗೌತಮನ್ ನಿರ್ದೇಶಿಸಿದ ‘ಸಂದನಕ್ಕಾಡು’ ಧಾರಾವಾಹಿ ಬಂತು. ೨೦೧೩ರಲ್ಲಿ ಎ.ಎಂ.ಆರ್. ರಮೇಶ್ ‘ಅಟ್ಟಹಾಸ’ ಮಾಡಿದರು. ಅದರಲ್ಲಿ ಕಿಶೋರ್ ವೀರಪ್ಪನ್ ಆದರು, ಸುರೇಶ್ ಒಬೆರಾಯ್ ರಾಜ್‌ಕುಮಾರರಾದರು. ತಮ್ಮ ಬದುಕನ್ನು ಹೀಗೆ ತೋರಿಸಬಾರದೆಂದು ವೀರಪ್ಪನ್‌ನ ಪತ್ನಿ ನ್ಯಾಯಾಲಯದ ಮೆಟ್ಟಿಲೇರಿದರು.

ಆದರೆ ೯೯೯ರ ಸರಣಿಗೆ ನಿಜವಾದ ಮುಂದಿನ ಭಾಗ ಯಾವುದೆಂದು ಕೇಳಿದರೆ ನಾವು ತೋರಿಸುವುದು ೨೦೧೬ರ ಜನವರಿ ಒಂದರಂದು ತೆರೆಕಂಡ ‘ಕಿಲ್ಲಿಂಗ್ ವೀರಪ್ಪನ್’ ಚಿತ್ರವನ್ನು. ರಾಮಗೋಪಾಲ ವರ್ಮರ ಈ ಚಿತ್ರದಲ್ಲಿ ವೀರಪ್ಪನ್‌ನನ್ನು ಬೇಟೆಯಾಡುವ ಪೊಲೀಸ್ ಅಧಿಕಾರಿಯ ಪಾತ್ರ ಮಾಡಿದವರು ರಾಜ್‌ಕುಮಾರರ ಹಿರಿಯ ಮಗ ಶಿವರಾಜಕುಮಾರ್. ತಂದೆಯನ್ನು ಹೊತ್ತೊಯ್ದವನನ್ನು ತೆರೆಯ ಮೇಲೆ ಮಗ ಬೆನ್ನಟ್ಟುವುದು! ಪುರಾಣದಲ್ಲಾದರೆ ಇದನ್ನು ಋಣ ತೀರಿಸುವುದೆನ್ನುತ್ತಿದ್ದರು. ತಂದೆ ೨೦೦೬ರ ಏಪ್ರಿಲ್ ೧೨ರಂದೇ ತೀರಿಹೋಗಿದ್ದರು. ಅವರು ಇದನ್ನು ನೋಡಲಿಲ್ಲ.

೨೦೨೩ರ ಆಗಸ್ಟಿನಲ್ಲಿ ಸೆಲ್ವಮಣಿ ಸೆಲ್ವರಾಜ್ ನಿರ್ದೇಶನದ ‘ದ ಹಂಟ್ ಫಾರ್ ವೀರಪ್ಪನ್’ ನಾಲ್ಕು ಕಂತುಗಳಲ್ಲಿ ಮನೆಮನೆಯ ಪರದೆಗೆ ಬಂತು. ಇದು ಸಾಕ್ಷ್ಯಚಿತ್ರ, ಇದರಲ್ಲಿ ಪೊಲೀಸರೂ ಮಾತನಾಡುತ್ತಾರೆ, ವೀರಪ್ಪನ್‌ನ ಪತ್ನಿಯೂ ಮಾತನಾಡುತ್ತಾರೆ, ಹಳ್ಳಿಯವರೂ ಮಾತನಾಡುತ್ತಾರೆ. ಚಿತ್ರಮಂದಿರದ ಪೊಲೀಸ್ ಕಥೆ ಕಿರುತೆರೆಗೆ ಬಂದಾಗ ಸಾಮಾನ್ಯವಾಗಿ ಚಿಕ್ಕದಾಗುತ್ತದೆ. ಖರ್ಚು ಕಡಿಮೆ, ತಾರೆಗಳು ಕಡಿಮೆ, ಹೊಡೆದಾಟ ಕಡಿಮೆ. ಆದರೆ ಕಿರುತೆರೆಗೆ ಒಂದು ಸೌಕರ್ಯವಿದೆ: ಅದು ಆತುರಪಡಬೇಕಾಗಿಲ್ಲ. ಒಂದು ಕಂತಿನಲ್ಲಿ ಅಧಿಕಾರಿ ಹೇಳಿದ್ದನ್ನು ಮುಂದಿನ ಕಂತಿನಲ್ಲಿ ಕೂಲಿಯವನು ಅಲ್ಲಗಳೆಯಬಹುದು. ಬೆಳ್ಳಿತೆರೆಯಲ್ಲಿ ಗುಂಪಾಗಿ ನಿಂತಿದ್ದವರಿಗೆ ಇಲ್ಲಿ ಮುಖವೂ ಮಾತೂ ಸಿಕ್ಕಬಹುದು. ಈ ಸೌಕರ್ಯವನ್ನು ಎಲ್ಲರೂ ಬಳಸಿಕೊಂಡಿದ್ದಾರೆಂದು ಹೇಳಲಾರೆವು. ಮೀಸೆಯ ಮೋಹ ಇನ್ನೂ ಹೋಗಿಲ್ಲ. ಕಾಡುಗಳ್ಳನ ಮೀಸೆಗೆ ಕೊಟ್ಟಷ್ಟು ಸಮಯವನ್ನು ಶ್ರೀನಿವಾಸರ ಔಷಧದ ಪೆಟ್ಟಿಗೆಗೆ ಕೊಟ್ಟವರು ವಿರಳ.

ಇದು ಬರಿಯ ಮನರಂಜನೆಯ ಪ್ರಶ್ನೆಯಲ್ಲ. ಇಂದಿನ ಹುಡುಗರಿಗೆ ಆ ಕಾಲ ಗೊತ್ತಾಗುವುದು ಪರದೆಯಿಂದಲೇ. ರಾಮಾಪುರದ ಠಾಣೆಯಲ್ಲಿ ಸತ್ತ ಐವರ ಹೆಸರು ಅವರಿಗೆ ತಿಳಿಯದು. ಜೈಲಿನಲ್ಲಿ ಪ್ರಾಯ ಕಳೆದು ನಿರ್ದೋಷಿಯೆಂದು ಮರಳಿದವನ ಮುಖವೂ ತಿಳಿಯದು. ಪಾಲಾರಿನ ಮೊಕದ್ದಮೆಯಲ್ಲಿ ನಾಲ್ವರಿಗೆ ೨೦೦೪ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು. ಹತ್ತು ವರ್ಷದ ಮೇಲೆ ೨೦೧೪ರಲ್ಲಿ ಅದೇ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು. ವೀರಪ್ಪನ್ ಸತ್ತ ದಿನ ಕಥೆ ಮುಗಿಯಿತೆನ್ನುವವರು ಈ ಹತ್ತು ವರ್ಷಗಳನ್ನು ಎಲ್ಲಿ ಬರೆದುಕೊಳ್ಳುತ್ತಾರೆ?

೯೯೯ರನ್ನು ನಾವು ಹಳಿಯುತ್ತಿಲ್ಲ. ಒಳ್ಳೆಯವನು ಗೆಲ್ಲುತ್ತಾನೆಂದು ಮೂರು ಗಂಟೆ ನಂಬಿಸಿದ್ದು ಸಣ್ಣ ಉಪಕಾರವಲ್ಲ. ಆ ನಂಬಿಕೆ ಇದ್ದುದರಿಂದಲೇ, ನೆಲದ ಮೇಲೆ ಹಾಗಾಗದಿದ್ದಾಗ ನಮಗೆ ನೋವಾಗುತ್ತದೆ. ಆದರೆ ಮುಂದೆ ಈ ಸರಣಿಯನ್ನು ಯಾರಾದರೂ ಕಿರುತೆರೆಗೆ ಮುಂದುವರಿಸುವುದಾದರೆ, ಅವರು ಕ್ಯಾಮರಾ ಹೊತ್ತು ಒಮ್ಮೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಲಿ. ಕಾಡಿನೊಳಕ್ಕೆ ಹೋಗುವ ಅವಸರ ಬೇಡ. ಒಡೆಯರಪಾಳ್ಯದಲ್ಲಿ ಇಳಿದು, ಚಹದ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದು ಹೋಗುವ ವಯಸ್ಸಾದವರನ್ನು ಮೊದಲು ಮಾತನಾಡಿಸಲಿ.